ನಮ್ಮ ರಸ್ತೆ ಕಲಿಸಿದ ಸ್ಕೂಟರ್

ನಾನು ಸ್ಕೂಟರ್ ಕಲಿತದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಕಲಿಯಬೇಕೆಂದು ತೀರ್ಮಾನ ಮಾಡಿದವಳು ನಾನಲ್ಲ. ಹೆಗ್ಗನಹಳ್ಳಿಯ ನಮ್ಮ ರಸ್ತೆಯ ಜನ ತಮ್ಮತಮ್ಮಲ್ಲೇ ಅದನ್ನು ತೀರ್ಮಾನಿಸಿಕೊಂಡಿದ್ದರು. ನನಗೆ ಗೊತ್ತಾಗುವ ಹೊತ್ತಿಗೆ ನಾನು ಸೀಟಿನ ಮೇಲೆ ಕೂತಾಗಿತ್ತು.

ಆ ವರ್ಷ ನಮ್ಮ ಮನೆ ಒಂದೇ ತಿಂಗಳಲ್ಲಿ ಖಾಲಿಯಾಯಿತು. ಮಗಳಿಗೆ ಹಾಸನದ ಕಾಲೇಜಿನಲ್ಲಿ ಸೀಟು ಸಿಕ್ಕಿ ಹಾಸ್ಟೆಲ್ ಸೇರಿದಳು. ಅವಳ ಟ್ರಂಕು ಇಳಿಸಿ ಬಂದ ವಾರದಲ್ಲೇ ನನ್ನ ಗಂಡನಿಗೆ ದಾವಣಗೆರೆಗೆ ವರ್ಗವಾಯಿತು. ಅವರು ಶನಿವಾರ ಬರುತ್ತಿದ್ದರು, ಭಾನುವಾರ ಸಂಜೆ ಹೊರಡುತ್ತಿದ್ದರು. ಉಳಿದ ದಿನಗಳಲ್ಲಿ ಮನೆಯಲ್ಲಿ ನಾನೊಬ್ಬಳೇ. ಮೆಟ್ಟಿಲ ಕೆಳಗೆ ಮಗಳು ಓಡಿಸುತ್ತಿದ್ದ ಸ್ಕೂಟರು ಹಳೆಯ ಬೆಡ್‌ಶೀಟ್ ಹೊದ್ದುಕೊಂಡು ನಿಂತಿತ್ತು.

ನಾನು ಕುರುಬರಹಳ್ಳಿಯ ಒಂದು ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತೇನೆ. ಬೆಳಗ್ಗೆ ಸುಂಕದಕಟ್ಟೆಯವರೆಗೆ ನಡೆದು, ಒಂದು ಬಸ್ಸು ಹತ್ತಿ, ಇಳಿದು, ಇನ್ನೊಂದು ಹತ್ತಿ, ಮತ್ತೆ ನಡೆದು ಶಾಲೆ ಸೇರುತ್ತಿದ್ದೆ. ಹನ್ನೆರಡು ವರ್ಷ ಹಾಗೇ ನಡೆದಿತ್ತು. ಅದರಲ್ಲಿ ಕಷ್ಟವಿದೆ ಎಂದು ನನಗೆ ಅನ್ನಿಸಿರಲೇ ಇಲ್ಲ.

ಅನ್ನಿಸಿದ್ದು ಪಕ್ಕದ ಮನೆಯ ಅಂಕಲ್‌ಗೆ. ಅವರು ಮೂವತ್ತೆರಡು ವರ್ಷ ಸಿಟಿ ಬಸ್ ಓಡಿಸಿ ನಿವೃತ್ತರಾದವರು. ಊರು ಮಾಗಡಿ ಕಡೆ. ಬೆಳಗ್ಗೆ ಆರಕ್ಕೆಲ್ಲ ಸ್ನಾನ ಮುಗಿಸಿ, ವಿಭೂತಿ ಇಟ್ಟುಕೊಂಡು, ನೀಲಿ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಗೇಟಿನ ಹೊರಗೆ ಹಾಕಿಕೊಂಡು ಕೂತರೆ, ರಸ್ತೆಯಲ್ಲಿ ಯಾವ ಗಾಡಿ ಹೇಗೆ ಹೋಯಿತು ಎನ್ನುವುದೆಲ್ಲ ಅವರ ಲೆಕ್ಕಕ್ಕೆ ಬರಬೇಕು. ಒಂದು ಬೆಳಗ್ಗೆ ನಾನು ಹಾಲು ತರುತ್ತಿದ್ದಾಗ ಅವರು ಕರೆದರು.

"ನಿಂತಿರೋ ಗಾಡಿ ಕೆಟ್ಟೋಗುತ್ತೆ ಕಣಮ್ಮ. ದಿನಾ ಒಂದ್ಸಲ ಸ್ಟಾರ್ಟ್ ಮಾಡಿ ಆಫ್ ಮಾಡು. ಅಷ್ಟೇ."

ಅಷ್ಟೇ ತಾನೇ ಎಂದು ನಾನೂ ಒಪ್ಪಿದೆ. ಮಾರನೆಯ ದಿನ ಬೆಡ್‌ಶೀಟ್ ತೆಗೆದು, ಅವರು ಹೇಳಿದಂತೆ ಬ್ರೇಕ್ ಹಿಡಿದು ಬಟನ್ ಒತ್ತಿದೆ. ಸ್ಕೂಟರು ಗುರ್ರೆಂದಿತು. ಎರಡು ನಿಮಿಷ ಬಿಟ್ಟು ಆರಿಸಿದೆ. ನಾಲ್ಕು ದಿನ ಹೀಗೆ ಕಳೆದ ಮೇಲೆ, ಗಾಡಿ ಒಂದೇ ಕಡೆ ನಿಂತರೆ ಟೈರಿಗೆ ಒಳ್ಳೆಯದಲ್ಲ, ಸ್ವಲ್ಪ ಹೊರಗೆ ತಳ್ಳು ಎಂದರು. ತಳ್ಳಿದೆ. ಇನ್ನೆರಡು ದಿನ ಬಿಟ್ಟು, ತಳ್ಳುವ ಬದಲು ಕೂತು ಕಾಲಲ್ಲಿ ನೂಕಿದರೆ ಸೊಂಟಕ್ಕೆ ನೋವಾಗುವುದಿಲ್ಲ ಎಂದರು. ಕೂತೆ. ಆಗ ಎದುರು ಮನೆಯ ಬಾಗಿಲಿನಿಂದ ಯಾರೋ ಚಪ್ಪಾಳೆ ತಟ್ಟಿದರು. ತಿರುಗಿ ನೋಡಿದರೆ ರೊಟ್ಟಿ ಅಕ್ಕ, ಎರಡೂ ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡು ನಗುತ್ತಾ ನಿಂತಿದ್ದರು. ಇವರಿಬ್ಬರೂ ಸೇರಿ ಏನೋ ನಡೆಸುತ್ತಿದ್ದಾರೆ ಎಂದು ನನಗೆ ಹೊಳೆದದ್ದು ಆಗಲೇ.

ರೊಟ್ಟಿ ಅಕ್ಕ ಬಾಗಲಕೋಟೆ ಕಡೆಯವರು. ಗಂಡನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ. ಬೆಳಗ್ಗೆ ಐದಕ್ಕೆ ಅವರ ಮನೆಯಿಂದ ಹೊರಡುವ ರೊಟ್ಟಿ ಬಡಿಯುವ ಸದ್ದೇ ನಮ್ಮ ಅಲಾರಂ. ಮಾಗಡಿ ರಸ್ತೆಯ ಖಾನಾವಳಿಗಳಿಗೆ ಅವರ ರೊಟ್ಟಿ ಹೋಗುತ್ತದೆ. ವಯಸ್ಸಿನಲ್ಲಿ ನನಗಿಂತ ಏಳೆಂಟು ವರ್ಷ ಚಿಕ್ಕವರಾದರೂ ರಸ್ತೆಗೆಲ್ಲ ಅವರು ಅಕ್ಕ. ಅವರು ಮಾತ್ರ ನನ್ನನ್ನು ಅಕ್ಕಾರ ಎನ್ನುತ್ತಾರೆ.

ನಾನು ಗಾಡಿಯಿಂದ ಇಳಿದು, ಇದೆಲ್ಲ ನನ್ನ ಕೈಲಾಗುವ ಕೆಲಸವಲ್ಲ ಎಂದು ಇಬ್ಬರಿಗೂ ಖಂಡಿತವಾಗಿ ಹೇಳಿದೆ. ಯಾಕೆ ಎಂದು ಕೇಳಿದರು. ಯಾಕೆ ಎಂಬುದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ಅಂದು ಹೇಳಿದೆ.

ನಾನು ಹುಟ್ಟಿ ಬೆಳೆದದ್ದು ತುಮಕೂರಿನ ಆಚೆಯ ಒಂದು ಸಣ್ಣ ಊರಿನಲ್ಲಿ. ಒಂಬತ್ತನೆಯ ಕ್ಲಾಸಿನಲ್ಲಿದ್ದಾಗ ಚಿಕ್ಕಪ್ಪನ ಸೈಕಲ್ ಹತ್ತಿ ಹಿಟ್ಟಿನ ಗಿರಣಿಯ ಮುಂದೆ ಚರಂಡಿಗೆ ಬಿದ್ದೆ. ಗಿರಣಿಯ ಮುಂದೆ ಡಬ್ಬ ಹಿಡಿದು ಸಾಲು ನಿಂತಿದ್ದವರೆಲ್ಲ ನೋಡಿದರು. ಅವರಲ್ಲಿ ನಮ್ಮ ಪಕ್ಕದ ಮನೆಯವರೂ ಇದ್ದರು. ಅವರೇ ಓಡಿ ಬಂದು ಎತ್ತಿದರು, ಅವರ ಬಚ್ಚಲಲ್ಲೇ ನನಗೆ ನೀರು ಹಾಕಿದರು, ಲಂಗವನ್ನು ಉಜ್ಜಿ ಉಜ್ಜಿ ತೊಳೆದು ಒಣಗಿ ಹಾಕಿದರು. ಆಮೇಲೆ ಇಡೀ ಬೀದಿಗೆ ಕಥೆ ಹೇಳಿದರು. ನಾನು ಬಿದ್ದದ್ದನ್ನು ಅಭಿನಯಿಸಿ ಬೇರೆ ತೋರಿಸುತ್ತಿದ್ದರು. ಹೊರಗೆ ಹೊರಟರೆ ಸಾಕು, ಚರಂಡಿ ಎಷ್ಟು ಆಳ ಇತ್ತು ಎಂದು ಯಾರಾದರೂ ಕೇಳುತ್ತಿದ್ದರು. ಒಂದು ವರ್ಷ ಹೀಗೆ ನಡೆಯಿತು. ಸೈಕಲ್ ಮುಟ್ಟುವುದನ್ನೇ ಬಿಟ್ಟೆ.

ಮದುವೆಯಾಗಿ ಬೆಂಗಳೂರಿಗೆ ಬಂದಾಗ ಮೊದಲು ಇದ್ದದ್ದು ಚಂದ್ರಾ ಲೇಔಟಿನ ಒಂದು ಮನೆಯಲ್ಲಿ. ಎತ್ತರದ ಗೇಟು, ಅಕ್ಕಪಕ್ಕದವರ ಮುಖ ಕೂಡ ಸರಿಯಾಗಿ ಗೊತ್ತಿರಲಿಲ್ಲ. ಮೊದಮೊದಲು ಅದು ಎಂಥ ಸುಖ ಅನ್ನಿಸಿತ್ತು. ಇವತ್ತು ಏನು ಸಾರು ಎಂದು ಕೇಳುವವರಿಲ್ಲ. ನಾಲ್ಕು ವರ್ಷ ಕಳೆಯುವ ಹೊತ್ತಿಗೆ ಯಾರಾದರೂ ಕೇಳಲಿ ಅನ್ನಿಸತೊಡಗಿತು. ಆಮೇಲೆ ಹೆಗ್ಗನಹಳ್ಳಿಗೆ ಬಂದೆವು. ಇಲ್ಲಿ ಕೇಳುವವರಿಗೆ ಕೊರತೆ ಇಲ್ಲ. ಶಾಲೆಗೆ ರಜೆ ಹಾಕಿ ಮನೆಯಲ್ಲಿದ್ದರೆ ಹನ್ನೊಂದು ಗಂಟೆಯೊಳಗೆ ಮೂರು ಮನೆಯವರು ಬಂದು ಜ್ವರವಾ ಎಂದು ವಿಚಾರಿಸಿರುತ್ತಾರೆ. ಊರಿನಲ್ಲಿ ಯಾವುದರಿಂದ ಓಡಿ ಬಂದೆನೋ ಅದೇ ಇಲ್ಲೂ ಇತ್ತು. ನನಗದು ಹಿಡಿಸಿತ್ತು. ಆದರೆ ಅದೇ ಜನರ ಎದುರು ಮತ್ತೆ ಬೀಳುವ ಧೈರ್ಯ ನನಗಿರಲಿಲ್ಲ.

ಚರಂಡಿಯ ಕಥೆ ಕೇಳಿ ರೊಟ್ಟಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಕಲ್ ನಗಲಿಲ್ಲ. ನಮ್ಮ ರಸ್ತೆಯ ಚರಂಡಿಗೆ ಕಲ್ಲುಚಪ್ಪಡಿ ಮುಚ್ಚಿದ್ದಾರೆ, ಆ ಭಯ ಬೇಡ ಎಂದು ಗಂಭೀರವಾಗಿ ಹೇಳಿದರು. ನಾಳೆಯಿಂದ ಆರು ಗಂಟೆಗೆ ಬಾ ಎಂದರು.

ಮೊದಲು ಅಂಕಲ್ ಕಾಗದದ ಕೆಲಸ ಮಾಡಿಸಿ ಮುಗಿಸಿದರು. ಸಂಜೆ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದರೆ ಅವರು ಗೇಟಿನಲ್ಲಿ ನಿಂತು ರಸ್ತೆ ಚಿಹ್ನೆಗಳ ಪ್ರಶ್ನೆ ಕೇಳುತ್ತಿದ್ದರು. ತಪ್ಪು ಹೇಳಿದರೆ ಮತ್ತೆ ಓದಿಸುತ್ತಿದ್ದರು. ಕಲಿಯುವವರ ಲೈಸೆನ್ಸು, ಎಲ್‌ಎಲ್‌ಆರ್, ಕೈಗೆ ಬಂದ ಮರುದಿನವೇ ಕಲಿಕೆ ಶುರುವಾಯಿತು. ಮಗಳ ಹೆಲ್ಮೆಟ್ ಹಾಕಿಕೊಂಡು, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ನಾನು ಗಾಡಿಯ ಮೇಲೆ. ಅಂಕಲ್ ರಸ್ತೆಯ ನಡುಮಧ್ಯದಲ್ಲಿ ಕುರ್ಚಿ ಹಾಕಿಕೊಂಡು, ಆ ಕಡೆಯಿಂದ ಬರುವ ಹಾಲಿನ ಗಾಡಿ, ಪೇಪರ್ ಸೈಕಲ್ ಎಲ್ಲವನ್ನೂ ಕೈ ತೋರಿಸಿ ನಿಲ್ಲಿಸುತ್ತಿದ್ದರು. ರೊಟ್ಟಿ ಅಕ್ಕ ಹಿಂದೆ ಗಾಡಿ ಹಿಡಿದುಕೊಳ್ಳುವವರು.

ತೊಂದರೆ ಏನೆಂದರೆ, ಅವರು ಬಿಡಲೇ ಇಲ್ಲ. ದಿನಕ್ಕೆ ಇನ್ನೂರು ರೊಟ್ಟಿ ಬಡಿಯುವ ಕೈ ಅದು. ನಾನು ಆಕ್ಸಿಲರೇಟರ್ ಎಷ್ಟೇ ತಿರುಗಿಸಿದರೂ ಗಾಡಿ ನಿಂತಲ್ಲೇ ಒದ್ದಾಡುತ್ತಿತ್ತೇ ಹೊರತು ಮುಂದೆ ಹೋಗುತ್ತಿರಲಿಲ್ಲ. ಬಿಡಮ್ಮಾ ಅದನ್ನ ಎಂದು ಅಂಕಲ್ ಕುರ್ಚಿಯಿಂದ ಹೇಳಿದರೆ, "ಬಿಟ್ರ ಬೀಳ್ತಾರ್ರಿ ಅಕ್ಕಾರು" ಎಂದು ಇವರು ಇನ್ನೂ ಬಿಗಿಯಾಗಿ ಹಿಡಿಯುತ್ತಿದ್ದರು. ಮೂರು ದಿನ ನಾವು ಹೀಗೆ ಮೂವತ್ತು ಅಡಿಯೊಳಗೇ ಇದ್ದೆವು.

ನಾಲ್ಕನೆಯ ದಿನ ಅವರ ಸೊಂಟದಲ್ಲಿದ್ದ ಮೊಬೈಲ್ ರಿಂಗಾಯಿತು. ಖಾನಾವಳಿಯವರು ಎಷ್ಟು ರೊಟ್ಟಿ ಬೇಕೆಂದು ಹೇಳುವ ಹೊತ್ತು ಅದು. ಅವರು ಫೋನಿಗೆ ಕೈ ಹಾಕಿದರು. ನಾನು ಆಗಲೇ ಆಕ್ಸಿಲರೇಟರ್ ತಿರುಗಿಸಿದ್ದೆ. ಕಟ್ಟು ಬಿಚ್ಚಿದ ಕರುವಿನ ಹಾಗೆ ಗಾಡಿ ಹೊರಟೇಬಿಟ್ಟಿತು. ಮನೆಗಳು, ಗೇಟುಗಳು, ತುಳಸಿ ಕುಂಡಗಳು ಎರಡೂ ಬದಿಯಲ್ಲಿ ಹಿಂದೆ ಹೋಗುತ್ತಿದ್ದವು. ಹಿಂದಿನಿಂದ ಅಂಕಲ್ ಬ್ರೇಕು ಬ್ರೇಕು ಎನ್ನುತ್ತಿದ್ದದ್ದು ಕೇಳಿಸಿತು. ಬ್ರೇಕ್ ಎಲ್ಲಿದೆ ಎಂಬುದು ಮರೆತೇಹೋಗಿತ್ತು. ಕೊನೆಗೆ ನೆನಪಾಗಿ ಹಿಡಿದಾಗ ನಾನು ಮೂಲೆಮನೆ ಆಂಟಿಯ ರಂಗೋಲಿಯ ನಡುವೆ ನಿಂತಿದ್ದೆ. ಬಿದ್ದಿರಲಿಲ್ಲ.

ಮೂಲೆಮನೆ ಆಂಟಿಯ ರಂಗೋಲಿ ಎಂದರೆ ಸಣ್ಣ ಮಾತಲ್ಲ. ಬೆಳಗ್ಗೆ ಅರ್ಧ ಗಂಟೆ ಬಗ್ಗಿ ಹಾಕುತ್ತಾರೆ, ಚುಕ್ಕಿ ಒಂದು ಕೂದಲೆಳೆ ಆಚೀಚೆ ಆಗುವಂತಿಲ್ಲ. ಶುಕ್ರವಾರಗಳಲ್ಲಿ ಬಣ್ಣ ಬೇರೆ. ಅಂದು ಶುಕ್ರವಾರ. ನನ್ನ ಮುಂದಿನ ಚಕ್ರ ಕೆಂಪಾಗಿತ್ತು, ಹಿಂದಿನದು ಹಳದಿ. ಆಂಟಿ ಬಣ್ಣದ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದರು. ನಾನು ಹೆಲ್ಮೆಟ್ಟಿನೊಳಗಿಂದಲೇ ಕ್ಷಮೆ ಕೇಳಿದೆ. ಅವರು ತಿರುಗಿ ಒಳಗೆ ಹೋದರು. ನನಗೆ ಅಳು ಬಂತು. ಇನ್ನು ಈ ರಸ್ತೆಯಲ್ಲಿ ತಲೆ ಎತ್ತಿ ಓಡಾಡುವುದು ಹೇಗೆ ಎಂದುಕೊಂಡು ಗಾಡಿಯನ್ನು ಮನೆಯವರೆಗೂ ತಳ್ಳಿಕೊಂಡೇ ಬಂದೆ.

ಮಾರನೆಯ ಬೆಳಗ್ಗೆ ನಾನು ಹೊರಗೆ ಬರಲಿಲ್ಲ. ಆರೂಕಾಲಿಗೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಮೂಲೆಮನೆ ಆಂಟಿ.

"ನಾನು ಇನ್ಮೇಲೆ ರಂಗೋಲಿ ಏಳು ಗಂಟೆಗೆ ಹಾಕ್ತೀನಿ. ನೀನು ಅಷ್ಟರೊಳಗೆ ಓಡಿಸ್ಕೊಂಬಿಡು. ಬೇಗ ಬಾ, ಅವ್ರಿಬ್ರೂ ಕಾಯ್ತಾ ಇದಾರೆ."

ಇಪ್ಪತ್ತು ವರ್ಷದಿಂದ ಸೂರ್ಯ ಮೂಡುವ ಮೊದಲು ರಂಗೋಲಿ ಹಾಕಿದವರು ಅವರು. ನಾನು ಹೆಲ್ಮೆಟ್ ಹುಡುಕತೊಡಗಿದೆ.

ಆಮೇಲೆ ಕಲಿಕೆ ವೇಗ ಪಡೆಯಿತು. ರಸ್ತೆಯ ಬದಿಯಲ್ಲಿ ನಿಲ್ಲುತ್ತಿದ್ದ ಕಾರುಗಳು ಬೆಳಗ್ಗೆ ಆರಕ್ಕೆ ತಾವಾಗಿಯೇ ಗೋಡೆಗೆ ಒತ್ತರಿಸಿಕೊಂಡಿರುತ್ತಿದ್ದವು. ಯಾರು ಹೇಳಿದರೋ ಗೊತ್ತಿಲ್ಲ. ಟೆರೇಸಿನಲ್ಲಿ ಬಟ್ಟೆ ಒಣಗಿ ಹಾಕುವವರು ಮೇಲಿಂದಲೇ ಹಾರ್ನ್ ಹೊಡೆಯಲು ನೆನಪಿಸುತ್ತಿದ್ದರು. ಎರಡು ಸಲ ಬಿದ್ದೆ. ಮೊದಲ ಸಲ ಮೊಣಕಾಲು ತರಚಿತು, ಎರಡನೆಯ ಸಲ ಮೀನಖಂಡದ ಮೇಲೆ ಅಂಗೈಯಗಲ ನೀಲಿಗಟ್ಟಿತು. ನೋಡಿದವರು ಬಂದು ಎತ್ತಿದರು, ಅರಿಶಿನ ಹಚ್ಚಿದರು, ತಾವು ಎಲ್ಲೆಲ್ಲಿ ಬಿದ್ದಿದ್ದೆವು ಎಂದು ಹೇಳಿಕೊಂಡರು. ನಾನು ಬಿದ್ದ ಕಥೆಯನ್ನು ಯಾರೂ ಹೇಳಿಕೊಂಡು ತಿರುಗಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ ಎನ್ನಿ; ಎಲ್ಲರೂ ಕಣ್ಣಾರೆ ನೋಡಿದ್ದರು.

ನನ್ನ ಗಂಡನಿಗೆ ಮಾತ್ರ ಗೊತ್ತಿರಲಿಲ್ಲ. ಪೂರ್ತಿ ಕಲಿತ ಮೇಲೆ ಒಂದು ಶನಿವಾರ ಬಸ್ ಸ್ಟಾಪಿಗೆ ಹೋಗಿ ಅವರನ್ನು ಕೂರಿಸಿಕೊಂಡು ಬರಬೇಕೆಂಬುದು ನನ್ನ ಆಸೆ. ರಸ್ತೆಯವರೆಲ್ಲ ಬಾಯಿ ಬಿಡುವುದಿಲ್ಲ ಎಂದು ಒಪ್ಪಿಕೊಂಡಿದ್ದರು. ಕಾಲಿನ ನೀಲಿ ಕಲೆ ನೋಡಿ ನನ್ನ ಗಂಡ ಕೇಳಿದಾಗ, ನಾನು ಯೋಚಿಸುವುದರೊಳಗೆ ಸಾರು ಕೊಡಲು ಬಂದಿದ್ದ ರೊಟ್ಟಿ ಅಕ್ಕ ನಾನು ಮಂಚಕ್ಕೆ ಎಡವಿದ್ದನ್ನು ಸ್ವಾರಸ್ಯವಾಗಿ ವರ್ಣಿಸಿದರು. ಅವರು ನಂಬಿದರು.

ಒಂದು ಗುರುವಾರ ಅವರ ಆಫೀಸಿಗೆ ರಜೆ ಬಂತು. ನನಗೆ ಹೇಳದೆ ಹಿಂದಿನ ದಿನವೇ ಬಸ್ಸು ಹತ್ತಿ, ಬೆಳಗ್ಗೆ ಆರೂವರೆಗೆ ಸುಂಕದಕಟ್ಟೆಯಲ್ಲಿ ಇಳಿದು, ಬ್ಯಾಗು ನೇತುಹಾಕಿಕೊಂಡು ನಡೆದು ಬಂದು ನಮ್ಮ ರಸ್ತೆಗೆ ತಿರುಗಿದ್ದಾರೆ. ನಾನು ಆ ತುದಿಯಿಂದ ಬರುತ್ತಿದ್ದೆ, ಒಬ್ಬಳೇ, ಹಿಂದೆ ಯಾರೂ ಹಿಡಿದಿರಲಿಲ್ಲ. ದೂರದಿಂದಲೇ ಅವರ ನಡಿಗೆ ಗುರುತು ಸಿಕ್ಕಿತು. ಅಂಕಲ್ ಕುರ್ಚಿಯಿಂದ ಎದ್ದು ನಿಂತರು. ಮೂಲೆಮನೆ ಆಂಟಿ ರಂಗೋಲಿ ಡಬ್ಬಿ ಹಿಡಿದು ಹಾಗೇ ನಿಂತರು. ನಿಲ್ಲಿಸುವ ಧೈರ್ಯ ನನಗೆ ಬರಲಿಲ್ಲ, ನಿಲ್ಲಿಸಲು ಹೋದರೆ ಅವರ ಮುಂದೆಯೇ ಬೀಳುತ್ತೇನೆ ಎಂಬ ಭಯ. ಅವರು ನನ್ನನ್ನು ನೋಡಿದರು. ಬ್ಯಾಗನ್ನು ಎದೆಗವಚಿಕೊಂಡು, ಯಾವುದೋ ಅಪರಿಚಿತ ವಾಹನಕ್ಕೆ ದಾರಿ ಬಿಡುವ ಹಾಗೆ ಗೋಡೆಗೆ ಒತ್ತಿ ನಿಂತರು. ನಾನು ನೆಟ್ಟಗೆ ಮುಂದೆ ನೋಡುತ್ತಾ ಅವರ ಪಕ್ಕದಿಂದಲೇ ಹಾದು ಹೋದೆ. ತಿರುವಿನಲ್ಲಿ ಸುತ್ತು ಹಾಕಿ ವಾಪಸ್ ಬಂದು ಅವರ ಮುಂದೆ ನಿಲ್ಲಿಸಿದೆ. ಬೀಳಲಿಲ್ಲ.

ಅವರು ನನ್ನನ್ನೂ ಗಾಡಿಯನ್ನೂ ಒಮ್ಮೆ ನೋಡಿದರು.

"ಎಡಗಡೆ ಇಂಡಿಕೇಟರ್ ಹಾಗೇ ಇದೆ, ಆಫ್ ಮಾಡು," ಎಂದರು.

ರಸ್ತೆಗೆ ರಸ್ತೆಯೇ ನಕ್ಕಿತು. ನಾನು ಇಂಡಿಕೇಟರ್ ಆರಿಸಿದೆ. ಅವರು ಬ್ಯಾಗನ್ನು ಮುಂದೆ ಕಾಲ ಬಳಿ ಇಟ್ಟು ಹಿಂದೆ ಹತ್ತಿ ಕೂತರು. ಬಸ್ ಸ್ಟಾಪಿನಿಂದ ಕರೆತರುವ ಆಸೆ ಈಡೇರಲಿಲ್ಲ, ಎಂಟು ಮನೆಗಳಾಚೆಗಿನಿಂದ ಕರೆತಂದೆ. ಒಳಗೆ ಹೋದ ಮೇಲೆ ಮಗಳಿಗೆ ಫೋನ್ ಮಾಡಿ ಹೇಳಿದರು. ಅವಳಿಗೆ ತಿಂಗಳ ಹಿಂದೆಯೇ ಗೊತ್ತಿತ್ತು. ನಾನು ಒಬ್ಬಳೇ ಓಡಿಸಿದ ಮೊದಲ ದಿನದ ವಿಡಿಯೋ ಕೂಡ ರೊಟ್ಟಿ ಅಕ್ಕ ಕಳಿಸಿದ್ದರಂತೆ.

ಲೈಸೆನ್ಸ್ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದೆ. ಎಂಟರ ಅಂಕಿಯ ಆಕಾರದಲ್ಲಿ ಕಾಲು ಊರದೆ ಓಡಿಸಬೇಕಿತ್ತು. ಎರಡನೆಯ ಸುತ್ತಿನಲ್ಲಿ ನನ್ನ ಎಡಗಾಲು ನೆಲಕ್ಕೆ ಹೋಯಿತು. ಮಕ್ಕಳ ಉತ್ತರಪತ್ರಿಕೆಗಳ ಮೇಲೆ ವರ್ಷಾನುಗಟ್ಟಲೆ ಕೆಂಪು ಗೀಟು ಎಳೆದವಳಿಗೆ ಅಂದು ಅದರ ರುಚಿ ಗೊತ್ತಾಯಿತು. ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಸಂಜೆ ಯಾರೂ ಬಂದು ಕೇಳಲಿಲ್ಲ. ಎಲ್ಲದಕ್ಕೂ ಬಂದು ಕೇಳುವ ನಮ್ಮ ರಸ್ತೆ ಅಂದು ಕೇಳದೇ ಇದ್ದದ್ದು ನೋಡಿ, ಇವರಿಗೆಲ್ಲ ಆಗಲೇ ಗೊತ್ತಾಗಿದೆ ಎಂದು ತಿಳಿಯಿತು.

ಬೆಳಗ್ಗೆ ಆರಕ್ಕೆ ಅಂಕಲ್ ನನ್ನನ್ನು ರಸ್ತೆಯ ಕೊನೆಯ ಖಾಲಿ ಸೈಟಿಗೆ ಕರೆದೊಯ್ದರು. ಮೂಲೆಮನೆ ಆಂಟಿ ಅಲ್ಲಿ ಸೆರಗು ಸಿಕ್ಕಿಸಿಕೊಂಡು ಬಗ್ಗಿದ್ದರು. ಸೈಟಿನ ತುಂಬಾ ಬಿಳಿಯ ರಂಗೋಲಿ ಪುಡಿಯಲ್ಲಿ ಒಂದು ದೊಡ್ಡ ಇಂಗ್ಲಿಷ್ ಎಂಟು. ಗೆರೆ ಎಷ್ಟು ದುಂಡಗಿತ್ತೆಂದರೆ ಪರೀಕ್ಷೆಯ ಜಾಗದ್ದು ಅದರ ಮುಂದೆ ಏನೂ ಅಲ್ಲ. ಹತ್ತು ದಿನ ನಾನು ಆ ಎಂಟರ ಮೇಲೆ ಸುತ್ತಿದೆ. ನಾನು ಸುತ್ತಿದಷ್ಟೂ ಗೆರೆ ಅಳಿಸುತ್ತಿತ್ತು, ಮರುದಿನ ಅವರು ಮತ್ತೆ ಬರೆದಿರುತ್ತಿದ್ದರು. ಎರಡನೆಯ ಸಲ ಪಾಸಾದೆ.

ಅಂದು ಸಂಜೆ ಮೈಸೂರುಪಾಕ್ ತಂದು ಮನೆಮನೆಗೆ ಹಂಚಿದೆ. ಅಂಕಲ್ ಮನೆಯ ಮುಂದೆ ಐದಾರು ಜನ ಸೇರಿದ್ದರು. ಗುರುಗಳು ಒಂದು ರೌಂಡ್ ಹೊಡೆದು ತೋರಿಸಬೇಕು ಎಂದು ನಾನೇ ಕೀ ಮುಂದೆ ಹಿಡಿದೆ. ಅವರು ಕೀ ತೆಗೆದುಕೊಳ್ಳಲಿಲ್ಲ. ಮೈಸೂರುಪಾಕನ್ನು ನಿಧಾನವಾಗಿ ಅಗಿದು ನುಂಗಿದರು.

"ನಂಗೆ ಟೂ ವೀಲರ್ ಬರಲ್ಲಮ್ಮ."

ಯಾರೂ ನಂಬಲಿಲ್ಲ. ಅವರು ನಾಚಿಕೊಂಡೇ ವಿವರಿಸಿದರು. ಲಾರಿ ಕಲಿತು ನೇರವಾಗಿ ಬಸ್ಸಿಗೆ ಹತ್ತಿದವರು ಅವರು. ಆರು ಚಕ್ರದ ಮೇಲೆ ಕೂತವರಿಗೆ ಎರಡು ಚಕ್ರ ಹೇಗೆ ನಿಲ್ಲುತ್ತದೆ ಎಂಬುದೇ ಅರ್ಥವಾಗಿರಲಿಲ್ಲವಂತೆ. ನಾನು ಆ ಬೆಳಗ್ಗೆ ರೊಟ್ಟಿ ಅಕ್ಕನ ಕೈ ತಪ್ಪಿ ಹೊರಟಾಗ, ಬೀಳದೆ ಓಡಿತಲ್ಲ ಗಾಡಿ ಎಂದು ತಮಗೇ ಆಶ್ಚರ್ಯವಾಗಿತ್ತು ಎಂದರು. ಹಾಗಾದರೆ ನನಗೆ ಯಾವ ಧೈರ್ಯದ ಮೇಲೆ ಹೇಳಿಕೊಟ್ಟಿರಿ ಎಂದು ಕೇಳಿದೆ. ರಸ್ತೆ ನನಗೆ ಗೊತ್ತಲ್ಲ, ಗಾಡಿ ಯಾವುದಾದರೇನು ಎಂದರು.

ಈಗ ಆ ಸ್ಕೂಟರು ಒಂದು ರೀತಿಯಲ್ಲಿ ರಸ್ತೆಯದೇ ಆಗಿದೆ. ರೊಟ್ಟಿ ಅಕ್ಕ ಹನ್ನೊಂದೇ ದಿನದಲ್ಲಿ ಕಲಿತರು, ಮೊದಲ ಸಲವೇ ಪಾಸಾದರು. ನಾನು ಬಸ್ಸಿನಲ್ಲಿ ಹೋಗುವ ದಿನ ರೊಟ್ಟಿ ಕಟ್ಟುಗಳನ್ನು ಅವರೇ ಖಾನಾವಳಿಗೆ ಮುಟ್ಟಿಸುತ್ತಾರೆ. ಸೀಟಿನ ಕೆಳಗಿನ ಡಿಕ್ಕಿ ತೆರೆದರೆ ಜೋಳದ ಹಿಟ್ಟಿನ ವಾಸನೆ ಬರುತ್ತದೆ. ಮೂಲೆಮನೆ ಆಂಟಿ ಕಲಿಯುವುದಿಲ್ಲವೆಂದು ಹಟ ಹಿಡಿದರು, ಆದರೆ ಹಬ್ಬದ ಹಿಂದಿನ ದಿನ ವಿಜಯನಗರದ ಮಾರ್ಕೆಟ್ಟಿನಿಂದ ಹೂವು, ಬಾಳೆಕಂದು ತರಲು ನನ್ನ ಹಿಂದೆ ಕೂರುತ್ತಾರೆ. ಎರಡೂ ಕಡೆ ಬಾಳೆಲೆ ಚಾಚಿಕೊಂಡು ನಾವು ಬರುವುದನ್ನು ನೋಡಿ ಸಿಗ್ನಲ್ಲಿನಲ್ಲಿ ಆಟೋದವರು ನಗುತ್ತಾರೆ.

ಕಳೆದ ತಿಂಗಳು ಅಂಕಲ್‌ಗೆ ಕೆಂಗೇರಿಯಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಗೃಹಪ್ರವೇಶವಿತ್ತು. ಭಾನುವಾರ. ಮಗ ಕಾರಿನಲ್ಲಿ ಬಿಡುತ್ತೇನೆಂದ, ಬೇಡವೆಂದರು. ನನ್ನ ಬಳಿ ಬಂದು, ಪುರುಸೊತ್ತು ಇದೆಯಾ ಎಂದರು. ಅವರು ಜೀವನದಲ್ಲಿ ಮೊದಲ ಸಲ ಸ್ಕೂಟರಿನ ಹಿಂದೆ ಕೂತರು. ಪಂಚೆ, ಶಲ್ಯ, ನನ್ನ ಗಂಡನ ಹೆಲ್ಮೆಟ್. ಮಲ್ಲತ್ತಹಳ್ಳಿ ದಾಟುವವರೆಗೂ ನನ್ನ ಭುಜವನ್ನು ಬಿಗಿಯಾಗಿ ಹಿಡಿದಿದ್ದರು, ರಸ್ತೆಯ ಪ್ರತಿ ಉಬ್ಬಿಗೂ ಮೊದಲೇ ಎಚ್ಚರಿಸುತ್ತಿದ್ದರು. ಮುಂದೆ ಬಸ್ ನಿಂತಿದೆ, ಡ್ರೈವರ್ ಕನ್ನಡಿಯಲ್ಲಿ ನಿನ್ನನ್ನು ನೋಡಿಲ್ಲ, ತಡಿ. ಈಗ ನೋಡಿದ, ಹೋಗು.

ಗೃಹಪ್ರವೇಶದಲ್ಲಿ ಹತ್ತಾರು ನಿವೃತ್ತ ಡ್ರೈವರುಗಳು, ಕಂಡಕ್ಟರುಗಳು. ಎಲ್ಲರೂ ನಮ್ಮನ್ನು ಗೇಟಿನಲ್ಲೇ ಸುತ್ತುವರಿದರು. ಮಗಳಾ, ಸೊಸೆಯಾ ಎಂದು ಕೇಳಿದರು. ಅಂಕಲ್ ಹೆಲ್ಮೆಟ್ ತೆಗೆದು ನನ್ನ ಕೈಗೆ ಕೊಟ್ಟರು.

"ನಮ್ ರಸ್ತೆ ಹುಡುಗಿ," ಎಂದರು.

ಹುಡುಗಿಗೆ ಓದುವ ಕನ್ನಡಕ ಬಂದು ಮೂರು ವರ್ಷವಾಗಿದೆ. ನಾನು ತಿದ್ದಲು ಹೋಗಲಿಲ್ಲ. ಊಟಕ್ಕೆ ನನ್ನನ್ನು ಅವರ ಪಕ್ಕದಲ್ಲೇ ಕೂರಿಸಿಕೊಂಡರು, ಹೋಳಿಗೆ ಎರಡು ಸಲ ಹಾಕಿಸಿದರು.

ವಾಪಸ್ ಬರುವಾಗ ಕೆಂಗೇರಿ ಪಕ್ಕದ ಉಳ್ಳಾಲದ ಹತ್ತಿರ ಹಿಂದಿನಿಂದ ಸೂಚನೆಗಳು ನಿಂತವು. ಭುಜದ ಮೇಲಿನ ಕೈಯೂ ಹೋಗಿತ್ತು. ಏನಾಯಿತೋ ಎಂದು ಕನ್ನಡಿಯಲ್ಲಿ ನೋಡಿದೆ. ಅಂಕಲ್ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಶಲ್ಯವನ್ನು ಗಾಳಿಗೆ ಬಿಟ್ಟು, ಪಕ್ಕದ ಅಂಗಡಿಗಳನ್ನು ನೋಡುತ್ತಾ ಯಾವುದೋ ಹಳೆಯ ಪದವನ್ನು ಗುನುಗುತ್ತಿದ್ದರು. ಮೂವತ್ತೆರಡು ವರ್ಷ ಈ ಊರಿನ ರಸ್ತೆಗಳಲ್ಲಿ ತಿರುಗಿದವರಿಗೆ ಪಕ್ಕಕ್ಕೆ ನೋಡುವ ಪುರುಸೊತ್ತು ಸಿಕ್ಕಿದ್ದು ಬಹುಶಃ ಅಂದೇ. ನಾನು ವೇಗ ಸ್ವಲ್ಪ ಕಡಿಮೆ ಮಾಡಿದೆ.